ನಿಮಗಿದು ಗೊತ್ತೆ?: ರಾಮಾಚಾರಿಯ ಸಾವು

ಬೆಂಗಳೂರಿನ ಪೀಣ್ಯ ದಾಟಿ ತುಮಕೂರು ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ಸಾಗಿದರೆ ಸಿಗುವ ಚಿತ್ರದುರ್ಗದ ಕೋಟೆಯು ಕನ್ನಡ ಪ್ರೇಕ್ಷಕರ ಪಾಲಿಗೆ ಪಾಳೆಯಗಾರ ಮದಕರಿನಾಯಕನದಷ್ಟೇ ರಾಮಾಚಾರಿಯದೂ ಹೌದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು' (1972) ಚಿತ್ರದ ಕೊನೆಯಲ್ಲಿ, ಅನ್ಯಧರ್ಮದ ಮಾರ್ಗರೆಟ್‌ಳೊಂದಿಗಿನ ಸಂಬಂಧವನ್ನು ಒಪ್ಪದ ಚಾಮಯ್ಯ ಮೇಷ್ಟ್ರು ತಮ್ಮ ಅಚ್ಚುಮೆಚ್ಚಿನ ಶಿಷ್ಯ, ಚಿತ್ರದ ನಾಯಕ ರಾಮಾಚಾರಿಯೇ ತಳ್ಳಿದ್ದರಿಂದ ಬೆಟ್ಟದಿಂದ ಉರುಳುತ್ತಾರೆ. ಪ್ರೇಮಿಗಳಿಬ್ಬರೂ ಅಲ್ಲಿಂದಲೇ ಧುಮುಕುತ್ತಾರೆ. ಇಂಥ ಸಾವು ಹುಟ್ಟಿಸುವ ಶೋಕವೆಂಬ ಸ್ಥಾಯಿಭಾವವು, ಎಂದರೆ ಮನಸ್ಸಿನಲ್ಲಿ ನೆಲೆನಿಂತ ಭಾವವು, ಕರುಣರಸವಾಗಿ ಪರಿಣಮಿಸುತ್ತದೆಂದು ಭರತನ ನಾಟ್ಯಶಾಸ್ತ್ರ ವಿವರಿಸುತ್ತದಾದರೂ, ನಾಯಕನ ಸಾವನ್ನು ರಂಗದ ಮೇಲೆ ತೋರಿಸುವುದನ್ನು ಸಂಸ್ಕೃತ ನಾಟಕ ಸಂಪ್ರದಾಯವು ಸಾಮಾನ್ಯವಾಗಿ ಒಪ್ಪಿರಲಿಲ್ಲ. ಸಿನಿಮಾ ಆ ಸಂಕೋಚವನ್ನು ಇಟ್ಟುಕೊಳ್ಳಲಿಲ್ಲ. ಸತ್ತದ್ದು ಮನುಷ್ಯನೇ ಆಗಿರಬೇಕೆಂದೂ ಇಲ್ಲ: 2006ರ 'ಮುಂಗಾರು ಮಳೆ'ಯಲ್ಲಿ ನಾಯಕ ಬದುಕಿಯೇ ಉಳಿದರೂ, ದೇವದಾಸನೆಂಬ ಮೊಲಕ್ಕಾಗಿ ಕಣ್ಣೀರಿಟ್ಟವರು ಕಡಿಮೆಯೇನಲ್ಲ.