ಅಡಿಗೆಗೆ ತಕ್ಕ ಅಡಿಗೆಮನೆ

ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಅನೇಕರು ಈಗ ಸ್ವಂತ ಮನೆಗಳನ್ನು ಕಟ್ಟಿಸುತ್ತಿರುವುದು ನಮಗೆ ಬಹಳ ಸಂತೋಷದ ಸಂಗತಿ. ಆದರೆ ಮನೆಯ ನಕ್ಷೆ ಸಿದ್ಧವಾಗುವಾಗ ಪಡಸಾಲೆಯ ಅಗಲವನ್ನೂ ಮುಂಬಾಗಿಲಿನ ಅಂದವನ್ನೂ ಕುರಿತು ತಿಂಗಳುಗಟ್ಟಲೆ ಆಲೋಚಿಸುವವರು, ಅಡಿಗೆಮನೆಗೆ ಉಳಿದ ಮೂಲೆಯೊಂದನ್ನು ಕೊಟ್ಟು ಸುಮ್ಮನಾಗುವುದುಂಟು. ಇನ್ನು ಕೆಲವರು ಅಂಗಡಿಯಲ್ಲಿ ಕಂಡ ಚಿತ್ರದಂತೆಯೇ ತಮ್ಮಲ್ಲಿಯೂ ಆಗಬೇಕೆಂದು ಬಯಸುವರು. ಈ ಎರಡು ಕ್ರಮಗಳಲ್ಲಿಯೂ ಮುಖ್ಯವಾದ ಪ್ರಶ್ನೆಯೇ ಮರೆತುಹೋಗುತ್ತದೆ. ಈ ಮನೆಯಲ್ಲಿ ದಿನವೂ ಆಗುವ ಅಡಿಗೆ ಯಾವುದು? ಅದನ್ನು ಯಾರು ಮಾಡುತ್ತಾರೆ? ಹೇಗೆ ಮಾಡುತ್ತಾರೆ? ಅಡಿಗೆಮನೆಯ ಅಳತೆಗಳೆಲ್ಲವೂ ಈ ಪ್ರಶ್ನೆಗಳ ಉತ್ತರದಿಂದಲೇ ಹುಟ್ಟತಕ್ಕವು ಎಂಬುದು ನಮ್ಮ ಅಭಿಪ್ರಾಯ.

ಇದು ಹೊಸ ವಿಚಾರವೇನೂ ಅಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗಾಗಿ ಮಾರ್ಗರೆಟೆ ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿಯು ಗೃಹಿಣಿಯ ಕೆಲಸದ ಕ್ರಮವನ್ನೂ ಅವಳ ಓಡಾಟವನ್ನೂ ಪರಿಶೀಲಿಸಿ, ಸುಮಾರು 1.9 ಮೀಟರ್ ಅಗಲ ಮತ್ತು 3.4 ಮೀಟರ್ ಉದ್ದದ ಅಡಿಗೆಮನೆಯೊಂದನ್ನು ರಚಿಸಿದಳು. ಅಂತಹ ಸುಮಾರು 10,000 ಅಡಿಗೆಮನೆಗಳು ಅಲ್ಲಿ ನಿರ್ಮಾಣವಾದವು. ಆದರೆ ಅದು ಆ ದೇಶದ ಅಡಿಗೆಗೆ, ಒಬ್ಬಳೇ ಕೆಲಸ ಮಾಡುವುದಕ್ಕೆ ಹೊಂದಿಕೊಂಡದ್ದು. ನೆಲದ ಮೇಲೆ ಕುಳಿತು ಕಾಯಿ ತುರಿಯುವವಳಿಗೆ ಅಲ್ಲಿ ಸ್ಥಳವಿಲ್ಲ. ಆದಕಾರಣ ನಾವು ಕಲಿಯಬೇಕಾದದ್ದು ಆಕೆಯ ವಿಧಾನವನ್ನೇ ಹೊರತು ಆಕೆಯ ಅಳತೆಗಳನ್ನಲ್ಲ.

ನಕ್ಷೆ ಬರೆಯಿಸುವುದಕ್ಕೆ ಮುಂಚೆ ಒಂದು ವಾರ ಕಾಲ ಈಗಿರುವ ಅಡಿಗೆಮನೆಯ ದಿನಚರಿಯನ್ನು ಬರೆದಿಡಿರಿ. ಎಷ್ಟು ಮಂದಿಗೆ ಏನೇನು ಬೇಯಿತು, ಯಾವ ಕೆಲಸ ನಿಂತು ಆಯಿತು, ಯಾವುದು ಕುಳಿತು ಆಯಿತು, ಯಾವ ಪದಾರ್ಥಕ್ಕಾಗಿ ಎಷ್ಟು ಬಾರಿ ಎದ್ದು ಹೋಗಬೇಕಾಯಿತು ಎಂಬುದನ್ನು ಗುರುತಿಸಿದರೆ, ಯಾವ ಶಿಲ್ಪಿಯೂ ಹೇಳಲಾರದ ಸಂಗತಿಗಳು ತಾವಾಗಿಯೇ ತಿಳಿದುಬರುವುವು.

ನಮ್ಮ ನಾಡಿನಲ್ಲಿಯೇ ಅಡಿಗೆಯ ರೀತಿಗಳು ಎಷ್ಟೊಂದು ಭಿನ್ನವಾಗಿವೆ! ಮೈಸೂರಿನ ಕಡೆ ರಾಗಿಮುದ್ದೆಯನ್ನು ಕೋಲಿನಿಂದ ತಿರುವುವಾಗ ಭುಜದ ಬಲವು ಮೇಲಿನಿಂದ ಕೆಳಕ್ಕೆ ಬೀಳಬೇಕು. ಪಾತ್ರೆಯು ಎದೆಯ ಮಟ್ಟಕ್ಕೆ ಬಂದರೆ ಆ ಬಲ ದೊರೆಯದು. ಅಂತಹ ಮನೆಯಲ್ಲಿ ಪಾತ್ರೆಯನ್ನು ಇಳಿಸಿ ತಿರುವುವುದಕ್ಕೆ ತಗ್ಗಾದ, ಗಟ್ಟಿಯಾದ ಒಂದು ಜಗಲಿ ಬೇಕು. ಧಾರವಾಡ, ವಿಜಯಪುರದ ಕಡೆಯವರಿಗೆ ಜೋಳದ ರೊಟ್ಟಿ ತಟ್ಟಲು ಒಲೆಯ ಪಕ್ಕದಲ್ಲಿಯೇ ಅಗಲವಾದ ಸ್ಥಳವಿರಬೇಕು; ತಟ್ಟಿದ ರೊಟ್ಟಿಯನ್ನು ಎರಡು ಹೆಜ್ಜೆ ಹೊತ್ತು ನಡೆದರೂ ಅದು ಹರಿಯುತ್ತದೆ. ಕರಾವಳಿಯಲ್ಲಿ ಕುಚ್ಚಲಕ್ಕಿಯ ಅನ್ನವನ್ನು ಬಸಿಯುವರು. ಒಲೆಯೊಂದು ಗೋಡೆಗೆ, ತೊಳೆಯುವ ತೊಟ್ಟಿ ಎದುರು ಗೋಡೆಗೆ ಇದ್ದರೆ, ಕುದಿಯುವ ತೆಳಿಯ ಪಾತ್ರೆಯನ್ನು ಹಿಡಿದು, ಮಕ್ಕಳು ಓಡಾಡುವ ನೆಲವನ್ನು ದಾಟಬೇಕಾಗುತ್ತದೆ. ಇಂತಹ ಮನೆಯಲ್ಲಿ ಒಲೆಯೂ ತೊಟ್ಟಿಯೂ ಒಂದೇ ಕಟ್ಟೆಯ ಸಾಲಿನಲ್ಲಿರುವುದೇ ಕ್ಷೇಮ. ದೋಸೆ ಇಡ್ಲಿಗಳು ಹೆಚ್ಚಾಗಿ ಆಗುವ ಮನೆಯಲ್ಲಿ ರುಬ್ಬುವ ಯಂತ್ರವು ಎತ್ತಿ ಇಳಿಸುವ ಅಗತ್ಯವಿಲ್ಲದಂತೆ, ನೀರಿನ ಸಮೀಪದಲ್ಲಿ, ಒಂದೇ ಕಡೆ ನೆಲೆಯಾಗಿರಲಿ.

ಪದಾರ್ಥ ತೆಗೆಯುವುದು, ತೊಳೆಯುವುದು, ಹೆಚ್ಚುವುದು, ಬೇಯಿಸುವುದು, ಬಡಿಸುವುದು ಎಂಬ ಕ್ರಮದಲ್ಲಿಯೇ ಸ್ಥಳಗಳೂ ಒಂದರ ಪಕ್ಕದಲ್ಲಿ ಒಂದಿದ್ದರೆ ಓಡಾಟ ತಗ್ಗುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1940ರ ದಶಕದಲ್ಲಿ ಇದನ್ನು ಪರಿಶೋಧಿಸಿದರು. ಒಲೆ, ತೊಟ್ಟಿ, ಫ್ರಿಜ್ಜು ಇವು ಮೂರನ್ನೂ ಕೂಡಿಸುವ ತ್ರಿಕೋಣದ ಮೂರು ಬದಿಗಳ ಮೊತ್ತವು 13 ಅಡಿಗೆ ಕಡಿಮೆಯಾಗದೆ 26 ಅಡಿಯನ್ನು ಮೀರದೆ ಇರಬೇಕೆಂಬ ನಿಯಮವು ಅಂದಿನಿಂದ ಬಳಕೆಯಲ್ಲಿದೆ. ಅತ್ತೆ ಸೊಸೆಯರಿಬ್ಬರೂ ಕೂಡಿ ಕೆಲಸ ಮಾಡುವ ಮನೆಯಲ್ಲಿ ಕಟ್ಟೆಗಳ ನಡುವೆ 4 ಅಡಿ ದಾರಿಯಿರಲಿ.

ಇನ್ನು ಎತ್ತರದ ವಿಷಯ. ಗಾರೆಯವನು ರೂಢಿಯಂತೆ ಕಟ್ಟಿಬಿಡುವ ಎತ್ತರಕ್ಕೆ ಗೃಹಿಣಿಯು ತನ್ನ ಬೆನ್ನನ್ನು ಹೊಂದಿಸಿಕೊಳ್ಳುವುದು ನ್ಯಾಯವಲ್ಲ. ಬರಿಗಾಲಿನಲ್ಲಿ ನೆಟ್ಟಗೆ ನಿಂತು, ತೋಳನ್ನು ಮಡಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ; ಅದರಲ್ಲಿ 4ರಿಂದ 6 ಅಂಗುಲ ಕಳೆದರೆ ಹೆಚ್ಚುವ ಕಟ್ಟೆಯ ಎತ್ತರ ದೊರೆಯುತ್ತದೆ. ಮೊಣಕೈ 38 ಅಂಗುಲದಲ್ಲಿದ್ದರೆ ಕಟ್ಟೆಯು 32ರಿಂದ 34 ಅಂಗುಲ. ಆದರೆ ಅದೇ ಕಟ್ಟೆಯ ಮೇಲೆ ಗ್ಯಾಸಿನ ಒಲೆಯನ್ನೂ ಅದರ ಮೇಲೆ ಪಾತ್ರೆಯನ್ನೂ ಇಟ್ಟರೆ ಸೌಟು ಹಿಡಿದ ಕೈ ಭುಜದ ಮಟ್ಟಕ್ಕೆ ಏರುತ್ತದೆ. ಆದುದರಿಂದ ಒಲೆಯಿಡುವ ಭಾಗವನ್ನು ಒಲೆಯ ಎತ್ತರದಷ್ಟು, ಅಂದರೆ ನಾಲ್ಕೈದು ಅಂಗುಲ, ತಗ್ಗಿಸಿ ಕಟ್ಟಿಸುವುದು ಲೇಸು. ಇಬ್ಬರು ಅಡಿಗೆ ಮಾಡುವ ಮನೆಯಲ್ಲಿ ಗಿಡ್ಡಗಿರುವವರ ಅಳತೆಯನ್ನೇ ಹಿಡಿಯಿರಿ. ಎತ್ತರದವರು ದಪ್ಪ ಹಲಗೆಯಿಟ್ಟು ಹೆಚ್ಚಬಹುದು. ಆದರೆ ಬೆಂಕಿಯ ಮುಂದೆ ಮಣೆಯ ಮೇಲೆ ನಿಲ್ಲುವುದು ಅಪಾಯಕರ.

ಕಿಟಕಿಯು ಹೆಚ್ಚುವ ಕಟ್ಟೆಗೆ ಬೆಳಕು ಕೊಡಲಿ, ಒಲೆಯ ಉರಿಯ ಮೇಲೆ ಗಾಳಿ ಬೀಸದಿರಲಿ. ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಬಳಿಯಲ್ಲಿಯೇ ತಂಗುತ್ತದೆ. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಅದರ ಬಳಿ ನೆಲದ ಮಟ್ಟದಲ್ಲಿಯೂ ಒಂದು ಗಾಳಿಕಂಡಿ ಇರಬೇಕು. ಇಂದಿಗೂ ಸೌದೆ ಉರಿಸುವವರು ಹೊಗೆಯನ್ನು ಸಹಿಸಬೇಕಾಗಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾರಂಭವಾದ ‘ಅಸ್ತ್ರ’ ಎಂಬ ವಿಭಾಗದವರು, ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು.

ಹೊಸ ಮನೆ ಕಟ್ಟಿಸಲಾರದವರೂ ನಿರಾಶರಾಗಬೇಕಾಗಿಲ್ಲ. ದಿನಬಳಕೆಯ ಡಬ್ಬಿಗಳನ್ನು ಅಟ್ಟದಿಂದ ಸೊಂಟದ ಮಟ್ಟದ ಹಲಗೆಗೆ ಇಳಿಸುವುದಕ್ಕೂ, ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆಗಳನ್ನು ಮೇಲಕ್ಕೆ ಏರಿಸುವುದಕ್ಕೂ ಹಣವೇನೂ ತಗಲುವುದಿಲ್ಲ. ಒಂದು ಮಧ್ಯಾಹ್ನದ ಕೆಲಸವಷ್ಟೆ.

ಶಾಲೆಯವರಿಗೆ ಒಲೆಯ ಎತ್ತರದ ಚಿಂತೆಯೇಕೆಂದು ಕೆಲವರು ಕೇಳಬಹುದು. ಅಸ್ತವ್ಯಸ್ತವಾದ ಅಡಿಗೆಮನೆಯು ಒಬ್ಬಳಿಂದ ನಡೆಯುವುದಿಲ್ಲ. ಸಾಸಿವೆ ಒಂದು ಕಡೆ, ಒಲೆ ಇನ್ನೊಂದು ಕಡೆ ಇದ್ದರೆ, ‘ಅದನ್ನು ತಾ, ಇದನ್ನು ಎತ್ತಿಡು’ ಎಂಬ ಕರೆ ಸಂಜೆಯಿಡೀ ಕೇಳಿಸುತ್ತಿರುತ್ತದೆ. ಆ ಕರೆಗೆ ಪುಸ್ತಕ ಮುಚ್ಚಿ ಏಳುವವಳು ಸಾಮಾನ್ಯವಾಗಿ ಮಗಳು, ಮಗನಲ್ಲ. ಪರೀಕ್ಷೆಯ ಲೆಕ್ಕವೊಂದನ್ನು ನಾಲ್ಕು ಬಾರಿ ನಿಲ್ಲಿಸಿ ನಾಲ್ಕು ಬಾರಿ ಪುನಃ ಆರಂಭಿಸುವ ಹುಡುಗಿಗೆ ಬುದ್ಧಿ ಸಾಲದೆಂದು ಹೇಳುವುದು ಸರಿಯೇ? ಹುಡುಗಿಯರು ಅಡಿಗೆ ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ಹುಡುಗರೂ ಕಲಿಯಲಿ ಎಂಬುದೇ ನಮ್ಮ ಆಶೆ. ಆದರೆ ಕಲಿಯುವುದು ಬೇರೆ, ಮನೆಯ ನಕ್ಷೆಯ ದೋಷವನ್ನು ತನ್ನ ಕಾಲಿನಿಂದ ತುಂಬಿಕೊಡುವುದು ಬೇರೆ.

ಆದಕಾರಣ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆ ಕಟ್ಟಿಸುವಾಗ ಮೊದಲ ಅಳತೆಯನ್ನು ಅಡಿಗೆ ಮಾಡುವವರ ಮೊಣಕೈಯಿಂದ ತೆಗೆದುಕೊಳ್ಳಿರಿ. ಆ ಅಳತೆಪಟ್ಟಿಯನ್ನು ಹಿಡಿಯುವ ಕೆಲಸವನ್ನು ಮಕ್ಕಳಿಗೆ ವಹಿಸಿರಿ. ತಾಯಿಯ ದುಡಿಮೆಯೂ ಲೆಕ್ಕಕ್ಕೆ ಬರತಕ್ಕದ್ದೆಂಬ ಪಾಠವನ್ನು ಅವರು ಮನೆಯಲ್ಲಿಯೇ ಕಲಿಯಲಿ.