ಆಂಪ್ಲಿಫೈಯರಿನ ವ್ಯಾಟ್: ನಂಬಿಕೆ ಮತ್ತು ವಾಸ್ತವ

ಕೈಯಾರೆ ಜೋಡಿಸಿದ ಆಂಪ್ಲಿಫೈಯರಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವವು ಎರಡು: ಅದಕ್ಕೆ ಸಿಗುವ ವೋಲ್ಟೇಜು ಮತ್ತು ಸ್ಪೀಕರಿನ ಓಮ್. ಇದನ್ನು ಮರೆತಾಗ ಹುಟ್ಟುವ ತಪ್ಪು ಕಲ್ಪನೆಗಳು ಹಲವು.

ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸಿದ ಸಾದಾ ಬೋರ್ಡು ಸಾವಿರ ವ್ಯಾಟ್ ಕೊಡುತ್ತದೆ ಎಂಬ ನಂಬಿಕೆ ಇವುಗಳಲ್ಲಿ ಮೊದಲನೆಯದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಜನಪ್ರಿಯ 4440 ಐಸಿಯ ಒಂದು ಚಾನೆಲ್ ಅದರ ಅರ್ಧದಷ್ಟು, ಅಂದರೆ 7 ವೋಲ್ಟ್‌ವರೆಗೆ ಮಾತ್ರ ಏರಿಳಿಯಬಲ್ಲದು; 4 ಓಮ್ ಸ್ಪೀಕರಿನಲ್ಲಿ ಅದು 6 ವ್ಯಾಟ್ ಆಗುತ್ತದೆ. ಎರಡೂ ಚಾನೆಲ್ ಸೇರಿಸಿ ಬ್ರಿಜ್ ಮಾಡಿದರೆ ಲೆಕ್ಕದಲ್ಲಿ 24 ವ್ಯಾಟ್, ಕೈಗೆ ಸಿಗುವುದು ಸುಮಾರು 19. ಇದಕ್ಕೂ ಹೆಚ್ಚು ಬೇಕಾದರೆ ವೋಲ್ಟೇಜು ಏರಿಸುವ ಕನ್ವರ್ಟರ್ ಇರುವ ಆಂಪ್ಲಿಫೈಯರೇ ಬೇಕು. ಡಬ್ಬಿಯ ಮೇಲಿನ ‘ಪಿಎಂಪಿಒ’ ಅಂಕಿಗೆ ಒಪ್ಪಿತ ಅಳತೆಯೇ ಇಲ್ಲ. ಕೊಳ್ಳುವವರು ಅದನ್ನು ಓದದಿರುವುದೇ ಲೇಸು.

ಟ್ರಾನ್ಸ್‌ಫಾರ್ಮರಿನ ಆಂಪಿಯರ್ ಹೆಚ್ಚಾದರೆ ಬೋರ್ಡು ಸುಡುತ್ತದೆ ಎನ್ನುವುದೂ ಸರಿಯಲ್ಲ. ಬೋರ್ಡು ತನಗೆ ಬೇಕಾದಷ್ಟೇ ಕರೆಂಟು ಎಳೆಯುತ್ತದೆ, ಸುಡುವುದು ಮಿತಿಮೀರಿದ ವೋಲ್ಟೇಜು. 12-0-12 ಟ್ರಾನ್ಸ್‌ಫಾರ್ಮರನ್ನು ನಡುವಿನ ತಂತಿ ಬಳಸಿ ಎರಡು ಡಯೋಡಿನಿಂದ ಜೋಡಿಸಿದರೆ ಸುಮಾರು 16 ವೋಲ್ಟ್ ಬರುತ್ತದೆ. ನಡುವಿನ ತಂತಿ ಬಿಟ್ಟು ಬ್ರಿಜ್ ಡಯೋಡಿಗೆ ಎರಡು ತುದಿ ಕೊಟ್ಟರೆ ಅದೇ 32 ದಾಟುತ್ತದೆ, 4440 ಉಳಿಯುವುದಿಲ್ಲ.

ವ್ಯಾಟ್ ಇಮ್ಮಡಿಯಾದರೆ ದನಿಯೂ ಇಮ್ಮಡಿಯಾಗದು. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಸರಿಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 87ರ ಬದಲು 90 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಹಾಕಿದರೆ ಆಂಪ್ಲಿಫೈಯರಿನ ವ್ಯಾಟ್ ಇಮ್ಮಡಿ ಮಾಡಿದ ಫಲ ಸಿಗುತ್ತದೆ. ಗುಡಿಯ ಮೇಲಿನ ಹಾರ್ನ್ ಕಡಿಮೆ ವ್ಯಾಟಿನಲ್ಲೇ ಹೊಲದವರೆಗೆ ಕೇಳಿಸುವುದು ಅದರ ಹೆಚ್ಚಿನ ಸಂವೇದನೆಯಿಂದ.

ಓಮ್ ಹೊಂದಾಣಿಕೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಆಂಪ್ಲಿಫೈಯರಿನ ಒಳ ಓಮ್ ಮತ್ತು ಸ್ಪೀಕರಿನ ಓಮ್ ಸಮನಾಗಿರಬೇಕೆಂದು ಹಲವರು ತಿಳಿದಿದ್ದಾರೆ. ಟ್ರಾನ್ಸಿಸ್ಟರ್ ಮತ್ತು ಐಸಿ ಆಂಪ್ಲಿಫೈಯರುಗಳ ಒಳ ಓಮ್ ಸಾಮಾನ್ಯವಾಗಿ ಒಂದಕ್ಕಿಂತ ಬಹಳ ಕಡಿಮೆ. ‘4 ಓಮ್’ ಎಂಬ ಬರಹದ ಅರ್ಥ, ಅದಕ್ಕಿಂತ ಕಡಿಮೆ ಓಮ್ ಹಾಕಬಾರದು ಎಂಬುದು. 8 ಓಮ್ ಹಾಕಿದರೆ ವ್ಯಾಟ್ ಸುಮಾರು ಅರ್ಧಕ್ಕಿಳಿಯುತ್ತದೆ, ಹಾನಿಯಿಲ್ಲ. ಎರಡು 4 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗಿ ಐಸಿ ಕಾಯುತ್ತದೆ.

ತುಂಗಭದ್ರಾ ಮತ್ತು ವರದಾ ಕೂಡುವ ಗಳಗನಾಥದಂಥ ಊರಿನ ಜಾತ್ರೆಗೆ, ಗಳಗೇಶ್ವರ ಗುಡಿಯಿಂದ ದೂರಕ್ಕೆ ತಂತಿ ಎಳೆಯುವುದಾದರೆ ಲೆಕ್ಕವೇ ಬೇರೆ. ಒಂದು ಚದರ ಮಿಲಿಮೀಟರಿನ ಜೋಡಿ ತಾಮ್ರದ ತಂತಿ ನೂರು ಮೀಟರ್ ಹೋದರೆ ಅದರದೇ ಸುಮಾರು 3.4 ಓಮ್. 8 ಓಮ್ ಸ್ಪೀಕರಿಗೆ ಕಳುಹಿಸಿದ ಶಕ್ತಿಯಲ್ಲಿ ಶೇ. 30ರಷ್ಟು ತಂತಿಯಲ್ಲೇ ಕರಗುತ್ತದೆ. 100 ವೋಲ್ಟ್ ಲೈನಿನಲ್ಲಿ 10 ವ್ಯಾಟಿನ ಹಾರ್ನ್ ತನ್ನ ಟ್ರಾನ್ಸ್‌ಫಾರ್ಮರಿನ ಮೂಲಕ 1000 ಓಮ್ ಆಗಿ ಕಾಣುವುದರಿಂದ ನಷ್ಟ ಶೇ. 1ಕ್ಕಿಂತ ಕಡಿಮೆ. ಹಲವು ಹಾರ್ನ್ ಇದ್ದಾಗ ಅವುಗಳ ವ್ಯಾಟ್ ಕೂಡಿಸಬೇಕು; ಮೊತ್ತ ಆಂಪ್ಲಿಫೈಯರಿನ ವ್ಯಾಟ್ ಮೀರಬಾರದು.

ಸಣ್ಣ ಆಂಪ್ಲಿಫೈಯರು ದೊಡ್ಡ ಸ್ಪೀಕರನ್ನು ಎಂದೂ ಸುಡದು ಎಂಬ ಭರವಸೆಯೂ ಪೂರ್ತಿ ನಿಜವಲ್ಲ. ಮಿತಿಮೀರಿ ತಿರುಗಿಸಿದಾಗ ತರಂಗದ ತಲೆ ಕತ್ತರಿಸಿ ಚೌಕವಾಗುತ್ತದೆ. ಅದೇ ಎತ್ತರದ ಸೈನ್ ತರಂಗಕ್ಕಿಂತ ಚೌಕ ತರಂಗದಲ್ಲಿ ಎರಡು ಪಟ್ಟು ಶಕ್ತಿ ಇರುತ್ತದೆ. ಅದರ ಹೊಡೆತ ಮೊದಲು ಬೀಳುವುದು ಹೆಚ್ಚಾಗಿ ಟ್ವೀಟರಿಗೆ.

ಗುಂಯ್ ಸದ್ದು ಹೋಗಲೆಂದು ಅರ್ತಿಂಗ್ ತಂತಿ ಕತ್ತರಿಸುವುದು ಎಲ್ಲಕ್ಕಿಂತ ಅಪಾಯಕಾರಿ ತಪ್ಪು. ಒಳಗಿನ ಗ್ರೌಂಡ್ ತಂತಿಗಳನ್ನೆಲ್ಲ ಒಂದೇ ಬಿಂದುವಿಗೆ ತರುವುದು, ಇನ್‌ಪುಟ್ಟಿಗೆ ಶೀಲ್ಡ್ ತಂತಿ ಹಾಕುವುದು, ಅದರಿಂದಲೂ ಹೋಗದಿದ್ದರೆ ಇನ್‌ಪುಟ್ಟಿನಲ್ಲಿ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇಡುವುದು ಸರಿಯಾದ ದಾರಿ. 230 ವೋಲ್ಟಿನಲ್ಲಿ ನಡೆಯುವ ಲೋಹದ ಪೆಟ್ಟಿಗೆಗೆ ಅರ್ತಿಂಗ್ ಮತ್ತು ಪ್ರೈಮರಿಯಲ್ಲಿ ಫ್ಯೂಸ್ ಇರಲೇಬೇಕು.