ಹಳದಿ ಬೋರ್ಡಿನ ಹಿಂದಿರುವ ತಪ್ಪು

ಜೋರು ಮಳೆ ಬಂದ ಸಂಜೆ ಬೆಂಗಳೂರಿನ ಯಾವುದಾದ್ರೂ ದೊಡ್ಡ ಕಾಂಪ್ಲೆಕ್ಸ್ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಳಗೆ ಕನ್ನಡಿಯಂಥ ಗ್ರಾನೈಟ್. ಅದರ ಮೇಲೊಂದು ಹಳದಿ ಬೋರ್ಡು: ನೆಲ ಒದ್ದೆಯಿದೆ, ಎಚ್ಚರಿಕೆ. ಪಕ್ಕದಲ್ಲಿ ಮಾಪ್ ಹಿಡಿದ ಒಬ್ಬ ತಾಯಿ. ಅವರು ಒರೆಸ್ತಾನೇ ಇರ್ತಾರೆ, ಜನ ಬರ್ತಾನೇ ಇರ್ತಾರೆ. ಯಾರಾದ್ರೂ ಜಾರಿ ಬಿದ್ರೆ ಬೈಗುಳ ಆ ತಾಯಿಗೆ.

ಆದರೆ ತಪ್ಪಾಗಿದ್ದು ಅಲ್ಲಲ್ಲ ಸ್ವಾಮಿ, ನಕ್ಷೆ ಬರೆದ ಮೇಜಿನ ಮೇಲೆ.

ಪಾಲಿಶ್ ಮಾಡಿದ ಕಲ್ಲು ಒಣಗಿದ್ದಾಗ ಅಷ್ಟೇನೂ ಜಾರಲ್ಲ. ನೀರು ಬಿದ್ದಾಗ ಚಪ್ಪಲಿಗೂ ಕಲ್ಲಿಗೂ ನಡುವೆ ತೆಳುವಾದ ನೀರಿನ ಪೊರೆ ನಿಲ್ಲುತ್ತೆ. ಅದನ್ನು ಸೀಳಿ ಹಿಡಿತ ಕೊಡೋಕೆ ಕಲ್ಲಿನಲ್ಲಿ ತರಿಯೇ ಇಲ್ಲ. ಅದೇ ಗ್ರಾನೈಟಿಗೆ ಬೆಂಕಿಯ ಜ್ವಾಲೆ ಹಾಯಿಸಿದರೆ ಮೇಲಿನ ಹರಳುಗಳು ಸಿಡಿದು ಒರಟಾಗುತ್ತವೆ. ಬಾಗಿಲ ಬಳಿ ಬೇಕಾದದ್ದು ಆ ಕಲ್ಲು.

ಇನ್ನು ಮ್ಯಾಟು. ನಾವು ಹಾಕೋದು ಎರಡಡಿಯ ಒಂದು ತುಂಡು. ನಮ್ಮ ಒಂದು ಹೆಜ್ಜೆಯೇ ಹೆಚ್ಚುಕಡಿಮೆ ಎರಡಡಿ! ಒಂದು ಕಾಲು ಮ್ಯಾಟಿನ ಮೇಲೆ, ಇನ್ನೊಂದು ನೇರವಾಗಿ ಗ್ರಾನೈಟಿನ ಮೇಲೆ. ಎರಡೂ ಕಾಲು ಮೂರು ಮೂರು ಸಲ ಮ್ಯಾಟು ಮುಟ್ಟಬೇಕು ಅಂದ್ರೆ ಸುಮಾರು ಹನ್ನೆರಡು ಅಡಿ ಬೇಕು. ಹೊರಗೆ ಮಣ್ಣು ಕೆರೆಯುವ ಜಾಲರಿ, ಬಾಗಿಲ ಬಳಿ ಒರಟು ಮ್ಯಾಟು, ಒಳಗೆ ನೀರು ಹೀರುವ ಮ್ಯಾಟು. ಹೀಗೆ ಮೂರು ಹಂತ.

ಇದನ್ನು ಆಮೇಲೆ ತಂದು ಹಾಸಿದರೆ ಅಂಚು ಮಡಚಿ ಅದೇ ಎಡವುಗಲ್ಲಾಗುತ್ತೆ, ಗಾಲಿಕುರ್ಚಿಯೂ ಸಿಕ್ಕಿಕೊಳ್ಳುತ್ತೆ. ಮ್ಯಾಟಿನ ದಪ್ಪದಷ್ಟೇ ಆಳದ ತಗ್ಗನ್ನು ನೆಲ ಹಾಕುವಾಗಲೇ ಬಿಡಬೇಕು. ಹೊರಗಿನ ಜಾಲರಿಯ ಕೆಳಗೆ ನೀರು ಹರಿದುಹೋಗುವ ದಾರಿಯೂ ಇರಬೇಕು.

ಬೇಸಿಗೆಯಲ್ಲೂ ಇದರ ಕೆಲಸ ತಪ್ಪಲ್ಲ. ರಸ್ತೆ ಧೂಳಿನ ಮರಳಿನಲ್ಲಿರೋ ಕ್ವಾರ್ಟ್ಸ್‌ನ ಗಡಸುತನ ಮೋಸ್ ಮಾಪಕದಲ್ಲಿ 7, ಅಮೃತಶಿಲೆಯದ್ದು ಬರೀ 3. ಅಂದ್ರೆ ಪ್ರತಿ ಬೂಟಿನ ಅಡಿಯಲ್ಲೂ ಮರಳು ಕಾಗದ ಇದ್ದ ಹಾಗೆ.

ನಮ್ಮ ಹಳ್ಳಿ ಮನೆಗಳಲ್ಲಿ ಅಂಗಳದಲ್ಲಿ ಕಾಲಿಗೆ ನೀರು, ಜಗಲಿಯಲ್ಲಿ ಗೋಣಿತಾಟು, ಆಮೇಲೆ ಹೊಸ್ತಿಲು. ಅಜ್ಜಿಯರಿಗೆ ಗೊತ್ತಿದ್ದ ಈ ಲೆಕ್ಕ ಕೋಟಿಗಟ್ಟಲೆ ಸುರಿಯೋ ಬಿಲ್ಡರ್‌ಗೆ ಯಾಕೆ ಗೊತ್ತಾಗಲ್ಲ? ಎಪ್ಪತ್ತರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯೋದೇ ಇಲ್ಲ.

ನಿಮ್ಮ ಆಫೀಸಿಗೋ, ಊರಿನ ಆಸ್ಪತ್ರೆಗೋ ಹೊಸ ಕಟ್ಟಡದ ನಕ್ಷೆ ಬಂದಾಗ ಒಂದೇ ಪ್ರಶ್ನೆ ಕೇಳಿ: ಬಾಗಿಲಿಂದ ಎಷ್ಟು ಹೆಜ್ಜೆ ಮ್ಯಾಟು ಇದೆ? ಉತ್ತರ ಇಲ್ಲ ಅಂದ್ರೆ ಹಳದಿ ಬೋರ್ಡು ಬರುತ್ತೆ ಅಂತಲೇ ಲೆಕ್ಕ.